ಪ್ರಶ್ನೆ ವಾಪಸ್ ಬರುವ ದಾರಿ

ಕೇಳುಗರೇ, ನಮಸ್ಕಾರ.

ನಾನು ಇಲ್ಲಿ ಕೂತು ಮಾತಾಡುತ್ತಿದ್ದೇನೆ, ನೀವು ಎಲ್ಲೋ ಕೂತು ಕೇಳುತ್ತಿದ್ದೀರಿ. ಈ ನಡುವೆ ನಿಮಗೊಂದು ಅನುಮಾನ ಬಂತು ಅಂದುಕೊಳ್ಳಿ. ನನ್ನನ್ನು ತಡೆದು ಕೇಳುವ ಹಾಗಿಲ್ಲ. ಭಾಷಣಕ್ಕೆ ಇದು ನಡೆಯುತ್ತದೆ. ಪಾಠಕ್ಕೆ ನಡೆಯುವುದಿಲ್ಲ. ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಆನ್‌ಲೈನ್ ಕಲಿಕೆಯನ್ನು ಹೇಗೆ ಯೋಜಿಸಬೇಕು ಎಂಬ ಮಾತನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

1951ರಲ್ಲಿ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಒಂದು ಶಾಲೆ ಶುರುವಾಯಿತು. ಹೆಸರು 'ಸ್ಕೂಲ್ ಆಫ್ ದಿ ಏರ್', ಅಂದರೆ ಗಾಳಿಯಲ್ಲಿ ನಡೆಯುವ ಶಾಲೆ. ಒಳನಾಡಿನ ಒಂಟಿ ಮನೆಗಳು. ಒಂದರಿಂದ ಇನ್ನೊಂದು ಬಲು ದೂರ. ವಿಮಾನದಲ್ಲಿ ಬರುವ ಡಾಕ್ಟರನ್ನು ಕರೆಯಲು ಆ ಮನೆಗಳಲ್ಲಿ ರೇಡಿಯೊ ಸೆಟ್ ಇರುತ್ತಿತ್ತು. ಅದರಲ್ಲೇ ಪಾಠ. ಮೊದಮೊದಲು ಟೀಚರ್ ಹೇಳುತ್ತಿದ್ದರು, ಮಕ್ಕಳು ಕೇಳುತ್ತಿದ್ದರು, ಅಷ್ಟೇ. ಸ್ವಲ್ಪ ಕಾಲದಲ್ಲೇ ಪಾಠದ ಕೊನೆಗೆ ಪ್ರಶ್ನೆ ಕೇಳುವ ಸಮಯ ಸೇರಿಸಿದರು. ಅಂಚೆಯಲ್ಲಿ ಬರುವ ಪಾಠದ ಹಾಳೆಗಳು ಬೇರೆ ಇದ್ದವು. ಮಗುವಿನ ಪಕ್ಕದಲ್ಲಿ ಅಮ್ಮನೋ ಮನೆಯ ಇನ್ನೊಬ್ಬ ದೊಡ್ಡವರೋ ಕೂರುತ್ತಿದ್ದರು. ಒಂದು ದನಿ, ಒಂದಷ್ಟು ಹಾಳೆ, ಪಕ್ಕದಲ್ಲೊಬ್ಬರು, ಕೇಳಲು ಒಂದು ದಾರಿ. ಎಪ್ಪತ್ತು ವರ್ಷದ ಮೇಲಾಯಿತು. ದೂರಕಲಿಕೆಗೆ ಬೇಕಾದ ಮುಖ್ಯ ಸಾಮಾನುಗಳ ಪಟ್ಟಿ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಆದರೆ ನಮ್ಮ ಕಾಲದ ಯೋಜನೆಗಳು ಬಹಳ ಸಲ ಯಂತ್ರದಿಂದಲೇ ಶುರುವಾಗುತ್ತವೆ. ಎಷ್ಟು ಟ್ಯಾಬ್, ಯಾವ ಆ್ಯಪ್, ಯಾರಿಗೆ ಟೆಂಡರ್. ದಕ್ಷಿಣ ಅಮೆರಿಕದ ಪೆರು ದೇಶ ಲಕ್ಷಾಂತರ ಮಕ್ಕಳಿಗೆ ಸಣ್ಣ ಲ್ಯಾಪ್‌ಟಾಪ್ ಹಂಚಿತು. ಹಳ್ಳಿಯ ಶಾಲೆಗಳಲ್ಲಿ ಇಂಟರ್‌ನೆಟ್ ಇಲ್ಲದ್ದೇ ಜಾಸ್ತಿ. 2012ರಲ್ಲಿ ಅಂತರ್‌ ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು 319 ಶಾಲೆಗಳನ್ನು ಹೋಲಿಸಿ ನೋಡಿದ ವರದಿ ಬಂತು. ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳು ಮುಂದೆ ಹೋಗಿದ್ದಕ್ಕೆ ಗುರುತು ಸಿಗಲಿಲ್ಲ. ಮಕ್ಕಳ ಕೈಗೆ ಕಂಪ್ಯೂಟರ್ ಸಿಕ್ಕಿತು, ಬಳಸಲೂ ಕಲಿತರು. ಕಲಿಸುವ ರೀತಿ ಮಾತ್ರ ಹಾಗೇ ಉಳಿಯಿತು.

ಅದೇ ಖಂಡದ ಉರುಗ್ವೆ ಕೂಡ 2007ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಕೊಡಲು ಹೊರಟಿತು. ಯೋಜನೆಯ ಹೆಸರು ಪ್ಲಾನ್ ಸೇಬಾಲ್. ಅವರು ಕೊಡುವುದರ ಜೊತೆಗೆ ಶಾಲೆಗಳಿಗೆ ಇಂಟರ್‌ನೆಟ್ ಎಳೆದರು. ಆಮೇಲೆ ಮಾಡಿದ ಕೆಲಸ ನನಗೆ ಇನ್ನೂ ಇಷ್ಟ. ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರು ಸಾಕಷ್ಟು ಇರಲಿಲ್ಲ. 2012ರಲ್ಲಿ ವಿಡಿಯೊ ಮೂಲಕ ಕಲಿಸುವ ಪ್ರಯೋಗ ಶುರುವಾಯಿತು. ವಾರಕ್ಕೆ ಒಂದು ಪಾಠವನ್ನು ದೂರದ ಶಿಕ್ಷಕರು ಪರದೆಯ ಮೇಲೆ ಮಾಡುತ್ತಾರೆ. ಉಳಿದ ದಿನಗಳಲ್ಲಿ ತರಗತಿಯ ಟೀಚರೇ ಅದನ್ನು ಮಕ್ಕಳಿಂದ ರೂಢಿ ಮಾಡಿಸುತ್ತಾರೆ. ಆ ಟೀಚರಿಗೆ ಇಂಗ್ಲಿಷ್ ಅಷ್ಟಾಗಿ ಬರಬೇಕೆಂದಿಲ್ಲ. ಮಕ್ಕಳ ಜೊತೆಗೆ ಅವರೂ ಕಲಿಯುತ್ತಾರೆ. ಪರದೆಯ ಶಿಕ್ಷಕರು ಮತ್ತು ಕೋಣೆಯ ಶಿಕ್ಷಕರು ಇಬ್ಬರೂ ಕೂಡಿ ಪಾಠ ಯೋಜಿಸುತ್ತಾರೆ.

ನೋಡಿ, ಇಲ್ಲಿ ಯೋಜನೆ ಹುಟ್ಟಿದ್ದು ಒಂದು ಕೊರತೆಯಿಂದ. ಯಾವ ಶಾಲೆಯಲ್ಲಿ ಯಾವ ವಿಷಯಕ್ಕೆ ಶಿಕ್ಷಕರಿಲ್ಲ ಎಂದು ಮೊದಲು ಕೇಳಿದರು. ಯಾವ ರಾಜ್ಯವಾದರೂ ಮೊದಲು ಮಾಡಬೇಕಾದ ಲೆಕ್ಕ ಇದೇ. ಐವತ್ತು ಮಕ್ಕಳ ಹೈಸ್ಕೂಲಿಗೆ ಭೌತಶಾಸ್ತ್ರದ ಮೇಷ್ಟ್ರು ಸಿಕ್ಕದೇ ಹೋಗಬಹುದು. ಅಂಥ ನೂರು ಶಾಲೆಗಳಿಗೆ ಸೇರಿ ನಾಲ್ಕಾರು ಒಳ್ಳೆಯ ಮೇಷ್ಟ್ರನ್ನು ಹುಡುಕಬಹುದು, ಅಲ್ವಾ? ಆನ್‌ಲೈನ್ ಕಲಿಕೆ ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ. ಆರು ವರ್ಷದ ಮಗುವನ್ನು ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುವ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಆ ಮಗುವಿಗೆ ಮಣ್ಣು ಬೇಕು, ಗೆಳೆಯರು ಬೇಕು, ಕೈ ಹಿಡಿದು ಬರೆಸುವವರು ಬೇಕು.

ಹಣದ ಮಾತು. ಅಮೆರಿಕದ ಫ್ಲಾರಿಡಾ ರಾಜ್ಯ 1997ರಲ್ಲಿ ಸರ್ಕಾರಿ ಆನ್‌ಲೈನ್ ಶಾಲೆ ತೆರೆಯಿತು. ಕೆಲವು ವರ್ಷದ ಮೇಲೆ ಅಲ್ಲಿ ಒಂದು ನಿಯಮ ಬಂತು. ವಿದ್ಯಾರ್ಥಿ ಕೋರ್ಸನ್ನು ಯಶಸ್ವಿಯಾಗಿ ಮುಗಿಸಿದರೆ ಮಾತ್ರ ಶಾಲೆಗೆ ಹಣ. ಹೆಸರು ಬರೆಸಿದವರ ಲೆಕ್ಕಕ್ಕೆ ದುಡ್ಡಿಲ್ಲ. ಶಿಕ್ಷಕರು ಮಕ್ಕಳಿಗೂ ಪೋಷಕರಿಗೂ ಫೋನ್ ಮಾಡಿ ವಿಚಾರಿಸುವುದು ಅಲ್ಲಿ ಕೆಲಸದ ಭಾಗವೇ ಆಯಿತು. ಈ ನಿಯಮದಲ್ಲಿ ಒಳ್ಳೆಯದೂ ಇದೆ, ಭಯವೂ ಇದೆ. ಲಾಗಿನ್ ಸಂಖ್ಯೆ ತೋರಿಸಿ ಬೆನ್ನು ತಟ್ಟಿಕೊಳ್ಳಲು ಆಗುವುದಿಲ್ಲ, ಅದು ಒಳ್ಳೆಯದು. ಆದರೆ ಹಣಕ್ಕಾಗಿ ಸುಮ್ನೆ ಪಾಸು ಮಾಡಿಸುವ ಆಸೆ ಹುಟ್ಟಬಹುದು. ಕಷ್ಟಪಡುವ ಮಗುವನ್ನು ಮೊದಲೇ ಕೈಬಿಡುವ ಆಸೆಯೂ ಹುಟ್ಟಬಹುದು. ಆದ್ದರಿಂದ ಪರೀಕ್ಷೆ ನಡೆಸುವವರು ಬೇರೆ ಇರಬೇಕು. ಬಿಟ್ಟುಹೋದ ಮಕ್ಕಳ ಲೆಕ್ಕವೂ ಎಲ್ಲರಿಗೂ ಕಾಣಬೇಕು.

ಇನ್ನು, ಮನೆಯಲ್ಲಿ ಇಂಟರ್‌ನೆಟ್ಟೇ ಇಲ್ಲದವರು. 2020ರಲ್ಲಿ ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಕೊಟ್ಟ ವರದಿಯ ಪ್ರಕಾರ, ಜಗತ್ತಿನಲ್ಲಿ 3ರಿಂದ 17 ವರ್ಷದ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಅಂದರೆ 130 ಕೋಟಿ ಮಕ್ಕಳು. ಅದೇ ವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಜೂನ್ 1ರಂದು ಕೇರಳ 'ಫಸ್ಟ್ ಬೆಲ್' ಹೆಸರಿನಲ್ಲಿ ತನ್ನ ಶಿಕ್ಷಣದ ಟಿವಿ ವಾಹಿನಿಯಾದ ವಿಕ್ಟರ್ಸ್ ಚಾನೆಲ್‌ನಿಂದ ಪಾಠ ಶುರು ಮಾಡಿತು. ಟಿವಿ ಇರುವ ಮನೆ ಇಂಟರ್‌ನೆಟ್ ಇರುವ ಮನೆಗಿಂತ ಜಾಸ್ತಿ ಎಂಬ ತಿಳಿವಳಿಕೆ ಅದರಲ್ಲಿತ್ತು. ಆದರೂ ಎರಡೂ ಇಲ್ಲದ ಮಕ್ಕಳು ಲಕ್ಷಗಟ್ಟಲೆ ಇದ್ದರು. ಮೊದಲ ದಿನಗಳ ಪಾಠವನ್ನು ಪ್ರಯೋಗ ಎಂದು ಕರೆದು, ಮತ್ತೆ ಪ್ರಸಾರ ಮಾಡಿದರು. ಗ್ರಂಥಾಲಯಗಳಲ್ಲಿ, ಅಂಗನವಾಡಿಗಳಲ್ಲಿ ಒಟ್ಟಿಗೆ ಕೂತು ನೋಡುವ ಏರ್ಪಾಡು ಮಾಡಿದರು. ಹಿಂದೆ ಉಳಿದ ಮಗುವಿಗಾಗಿ ಪಾಠವೇ ಮತ್ತೊಮ್ಮೆ ಬರುವುದು ದೊಡ್ಡ ಮಾತು ಎಂದು ನನಗನ್ನಿಸುತ್ತದೆ.

ಮಕ್ಕಳ ಹೆಸರು, ಅಂಕ, ಫೋಟೊ ಯಾವ ಕಂಪನಿಯ ಕೈಗೂ ವ್ಯಾಪಾರಕ್ಕೆ ಹೋಗಬಾರದು ಎಂಬುದನ್ನು ಒಪ್ಪಂದದಲ್ಲೇ ಬರೆಸಿಬಿಡಬೇಕು. ಆಮೇಲೆ ಓಡಾಡಿ ಪ್ರಯೋಜನವಿಲ್ಲ.

ಕೊನೆಗೆ ಉಳಿಯುವುದು ಸುಮ್ಮನಾದ ಮಗು. ತರಗತಿಯಲ್ಲಿ ಮುಖ ಸಪ್ಪಗಾದರೆ ಟೀಚರಿಗೆ ಗೊತ್ತಾಗುತ್ತದೆ. ಪರದೆಯ ಮೇಲೆ ಅದು ಒಂದು ಹಸಿರು ಚುಕ್ಕಿ, ಹಾಜರಿ ಇದೆ ಎಂದು ತೋರಿಸುತ್ತದೆ. ಒಬ್ಬ ಶಿಕ್ಷಕರಿಗೆ ನಾನೂರು ಮಕ್ಕಳನ್ನು ಒಪ್ಪಿಸಿದರೆ ಆ ಚುಕ್ಕಿಗಳನ್ನು ಎಣಿಸುವುದೇ ಆಗುತ್ತದೆ. ಒಂದು ವಾರ ಮನೆಕೆಲಸ ಬರೆದು ಕಳಿಸದ ಮಗುವಿನ ಮನೆಗೆ ಹೋಗಿ, ಏನಾಯ್ತಪ್ಪಾ ಎಂದು ಕೇಳುವವರು ಅದೇ ಊರಿನ ಶಾಲೆಯಲ್ಲಿ ಇರಲೇಬೇಕು. ಅವರ ಸಂಬಳ, ಅವರ ಸಮಯ ಯೋಜನೆಯ ಲೆಕ್ಕದಲ್ಲಿ ಸೇರಿರಬೇಕು. ಆನ್‌ಲೈನ್ ಬಂತೆಂದು ಅವರ ಹುದ್ದೆಯನ್ನೇ ಕಡಿಮೆ ಮಾಡಿದರೆ, ಕಲಿಕೆಗೆ ಆಸರೆಯಾದ ಕಂಬವನ್ನೇ ಕಿತ್ತ ಹಾಗೆ.

ಯೋಜನೆ ಮಾಡುವವರಿಗೆ ನನ್ನದೊಂದು ಕೋರಿಕೆ. ಉದ್ಘಾಟನೆಗೆ ದಿನ ಗೊತ್ತು ಮಾಡುವ ಮೊದಲು ರಾಜ್ಯದ ಅತಿ ದೂರದ, ಅತಿ ಚಿಕ್ಕ ಶಾಲೆಯೊಂದಕ್ಕೆ ಹೋಗಿ. ಸೋಮವಾರ ಬೆಳಿಗ್ಗೆ ಅಲ್ಲಿನ ಒಬ್ಬ ಹುಡುಗಿ, 'ಸಾರ್, ಈ ಲೆಕ್ಕ ಅರ್ಥ ಆಗಲಿಲ್ಲ' ಎಂದು ನಿಮ್ಮ ವ್ಯವಸ್ಥೆಯ ಮೂಲಕ ಕೇಳಲಿ. ಉತ್ತರ ಅವಳಿಗೆ ಯಾವ ದಿನ ಮುಟ್ಟುತ್ತದೆ ಎಂದು ಅಲ್ಲೇ ಇದ್ದು ನೋಡಿ.

ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.