ರಾಕಿ ಎರಿಕ್ಸನ್: ಹುಚ್ಚಿನ ಕತೆಯ ಆಚೆಗಿನ ಹಾಡುಗಾರ

ಎಲ್ಲರಿಗೂ ನಮಸ್ಕಾರ. ಈಗ ಕೇಳಿದ ಹಾಡಿನಲ್ಲಿ ಗಿಟಾರಿನ ಹಿಂದೆ ಗುಳುಗುಳು ಅಂತ ಒಂದು ಸದ್ದು ಓಡುತ್ತಲೇ ಇತ್ತು, ಗಮನಿಸಿದಿರಾ? ಅದು ಹೂಜಿ. ನಮ್ಮ ಘಟದ ಹಾಗೆ ಬಾರಿಸುವುದಲ್ಲ. ಟಾಮಿ ಹಾಲ್ ಅನ್ನುವವನು ಅದರ ಬಾಯಿಗೆ ಮೈಕ್ ಹಿಡಿದು, ತನ್ನ ಬಾಯಿಂದಲೇ ಅದರೊಳಗೆ ಸದ್ದು ಹೊರಡಿಸುತ್ತಿದ್ದ. ಗಂಟಲು ಹರಿಯುವ ಹಾಗೆ ಕಿರುಚಿ ಹಾಡಿದವನು ಅಮೆರಿಕದ ರಾಕ್ ಹಾಡುಗಾರ ರಾಕಿ ಎರಿಕ್ಸನ್. ಆಗ ಅವನಿಗೆ ಹದಿನೆಂಟು. ‘ಯು ಆರ್ ಗಾನಾ ಮಿಸ್ ಮಿ’ ಅನ್ನುವ ಈ ಹಾಡು 1966ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 55ನೇ ಜಾಗಕ್ಕೆ ಏರಿತು. ಅದಕ್ಕಿಂತ ದೊಡ್ಡ ಹಿಟ್ ಅವನಿಗೆ ಮತ್ತೆ ಸಿಗಲೇ ಇಲ್ಲ.

ರಾಕಿಯ ಹೆಸರು ಬಂದ ಕೂಡಲೇ ಜನ ಹೇಳುವುದು ಎಲ್‌ಎಸ್‌ಡಿ ಅನ್ನುವ ಡ್ರಗ್, ಹುಚ್ಚಾಸ್ಪತ್ರೆ, ಮಂಗಳ ಗ್ರಹದ ಜೀವಿ. ಆ ಕತೆ ಸುಳ್ಳೇನಲ್ಲ. ಆದರೆ ಅದನ್ನು ಹೇಳುವ ಉತ್ಸಾಹದಲ್ಲಿ ಇವನು ಹಾಡು ಕಟ್ಟುವುದರಲ್ಲಿ ಪಳಗಿದ ಕೈ ಅನ್ನುವುದೇ ಮರೆತುಹೋಗುತ್ತದೆ. ಇವತ್ತು ನನ್ನ ತಕರಾರು ಅದೊಂದೇ.

ಹುಟ್ಟಿದ್ದು 1947ರಲ್ಲಿ, ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ. ಬೆಳೆದದ್ದು ಆಸ್ಟಿನ್‌ನಲ್ಲಿ. ಶಾಲೆ ಮುಗಿಯಲು ಸ್ವಲ್ಪವೇ ದಿನ ಇರುವಾಗ ಕೂದಲು ಕತ್ತರಿಸು ಅಂದರು. ಇವನು ಶಾಲೆಯನ್ನೇ ಬಿಟ್ಟ. ಅದೇ 1965ರ ಕೊನೆಯಲ್ಲಿ ರಾಕಿ, ಟಾಮಿ ಹಾಲ್ ಇದ್ದ ‘13ತ್ ಫ್ಲೋರ್ ಎಲಿವೇಟರ್ಸ್’ ಬ್ಯಾಂಡ್ ಶುರುವಾಯಿತು. ಈಗ ಕೇಳಿದ ಹಾಡು ಅವರದೇ. ಮರುವರ್ಷ ಬಂದ ಮೊದಲ ಆಲ್ಬಮ್ಮಿನ ಹೆಸರಿನಲ್ಲೇ ‘ಸೈಕೆಡೆಲಿಕ್’, ಅಂದರೆ ಡ್ರಗ್ಸ್ ಹುಟ್ಟಿಸುವ ಭ್ರಮಾಲೋಕದಂಥದ್ದು, ಅಂತ ಇತ್ತು. ಆ ಪದವನ್ನು ಮುಖಪುಟಕ್ಕೆ ತಂದ ಮೊದಲ ಕೆಲವು ರೆಕಾರ್ಡ್‌ಗಳಲ್ಲಿ ಅದೂ ಒಂದು. ಮುಂದೆ ದೊಡ್ಡ ರಾಕ್ ಗಾಯಕಿಯಾದ ಜಾನಿಸ್ ಜಾಪ್ಲಿನ್ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗುವ ಮುಂಚೆ ಈ ತಂಡ ಸೇರುವ ಯೋಚನೆಯಲ್ಲಿದ್ದಳು. 1967ರ ‘ಈಸ್ಟರ್ ಎವ್ರಿವೇರ್’ ಆಲ್ಬಮ್ ಈ ತಂಡದ ಅತ್ಯುತ್ತಮ ಕೆಲಸ ಅಂತ ನನ್ನ ಲೆಕ್ಕ. ಟಾಮಿ ಹಾಲ್‌ಗೆ ಡ್ರಗ್ಸ್ ಅಂದರೆ ಒಂದು ಥರದ ಧರ್ಮ. ಮೊದಲ ಆಲ್ಬಮ್ಮಿನ ಹಿಂಬದಿಯಲ್ಲಿ ಅದರ ಉಪದೇಶವನ್ನೇ ಬರೆದಿಟ್ಟಿದ್ದ. ಅದಕ್ಕೆ ಜಾಸ್ತಿ ಬೆಲೆ ತೆತ್ತವನು ಮಾತ್ರ ರಾಕಿ.

1968ರಲ್ಲಿ ಸ್ಯಾನ್ ಆಂಟೋನಿಯೋದ ಕಾರ್ಯಕ್ರಮವೊಂದರಲ್ಲಿ ಅವನು ಅರ್ಥವಿಲ್ಲದ್ದನ್ನು ಮಾತಾಡತೊಡಗಿದ. ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ ಅಂದರು, ಕರೆಂಟ್ ಶಾಕ್ ಕೊಟ್ಟರು. ಮರುವರ್ಷ ಗಾಂಜಾ ಕೇಸು. ಸಿಕ್ಕಿದ್ದು ಒಂದೇ ಒಂದು ಸಿಗರೇಟು! ಆಗ ಟೆಕ್ಸಾಸ್‌ನಲ್ಲಿ ಅಷ್ಟಕ್ಕೇ ವರ್ಷಗಟ್ಟಲೆ ಜೈಲು. ಅದನ್ನು ತಪ್ಪಿಸಲು, ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಕೋರ್ಟಿನಲ್ಲಿ ವಾದ ಹೂಡಿದರು. ಆಸ್ಟಿನ್‌ನ ಆಸ್ಪತ್ರೆಯಿಂದ ಮತ್ತೆ ಮತ್ತೆ ಓಡಿಹೋದ. ಕೊನೆಗೆ ರಸ್ಕ್ ಅನ್ನುವ ಊರಿನಲ್ಲಿ, ಅಪರಾಧ ಮಾಡಿದ ಮನೋರೋಗಿಗಳನ್ನು ಇಡುವ ಆಸ್ಪತ್ರೆಗೆ ಹಾಕಿದರು. ಕೊಲೆ ಮಾಡಿ ಬಂದವರ ಜೊತೆ 1972ರವರೆಗೆ ಅಲ್ಲೇ ಇದ್ದ. ಅಲ್ಲೂ ಅವರನ್ನೇ ಸೇರಿಸಿಕೊಂಡು ಒಂದು ಬ್ಯಾಂಡ್ ಕಟ್ಟಿದ, ಹಾಡು ಬರೆದ.

ಹೊರಗೆ ಬಂದವನ ಹಾಡುಗಳು ಪೂರ್ತಿ ಬೇರೆ. ದೆವ್ವ, ಪಿಶಾಚಿ, ಪ್ರೇತ. ಜನ ಇದನ್ನು ಹುಚ್ಚಿನ ಲಕ್ಷಣ ಅಂದುಕೊಂಡರು. ನಾನು ಒಪ್ಪುವುದಿಲ್ಲ. ಅವನ ಕಚ್ಚಾ ಮಾಲು 1940–50ರ ದಶಕದ ಅಗ್ಗದ ಹಾರರ್ ಸಿನಿಮಾಗಳು. ‘ಐ ವಾಕ್ಡ್ ವಿತ್ ಎ ಜಾಂಬಿ’ ಅನ್ನುವ ಹಾಡಿಗೆ ಹೆಸರು ಬಂದದ್ದೇ 1943ರ ಒಂದು ಸಿನಿಮಾದಿಂದ. ಇಡೀ ಹಾಡಿನಲ್ಲಿ ಇರುವುದು ಹೆಚ್ಚುಕಮ್ಮಿ ಒಂದೇ ವಾಕ್ಯ. ಅದನ್ನೇ ಹಳೆಯ ರಾಕ್ ಅಂಡ್ ರೋಲ್ ಮಟ್ಟಿನಲ್ಲಿ, ಹಿಮ್ಮೇಳದ ಜೊತೆ ಹೇಳುತ್ತಾ ಹೋಗುತ್ತಾನೆ. ಬೇಸರವಾಗಬೇಕಿತ್ತು, ಆಗುವುದಿಲ್ಲ. ಪ್ರತಿ ಸಲ ಧ್ವನಿ ಬೇರೆ ಕಡೆ ತಿರುಗುತ್ತದೆ. ಎರಡು ತಲೆಯ ನಾಯಿಯ ಹಾಡೂ ಸುಮ್ನೆ ಕನವರಿಕೆ ಅನ್ನಿಸಬಹುದು. ಆದರೆ 1950ರ ದಶಕದಲ್ಲಿ ಸೋವಿಯತ್ ವೈದ್ಯ ಡೆಮಿಖೋವ್ ಒಂದು ನಾಯಿಗೆ ಇನ್ನೊಂದು ನಾಯಿಯ ತಲೆ ನಿಜವಾಗಿಯೂ ಕಸಿ ಮಾಡಿದ್ದ. ರಾಕಿಯ ಹಾಡಿನಲ್ಲಿ ಆ ನಾಯಿಯ ಜೊತೆ ಕ್ರೆಮ್ಲಿನ್ ಕೂಡ ಇದೆ. ಅವನ ಆ ಕಾಲದ ಹಾಡುಗಳ ಒಂದು ಆಲ್ಬಮ್ ತಯಾರಿಸಿದವನು ಅಮೆರಿಕದ ಕ್ರೀಡೆನ್ಸ್ ಅನ್ನುವ ರಾಕ್ ತಂಡದಲ್ಲಿದ್ದ ಸ್ಟೂ ಕುಕ್. 1980ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಮರುವರ್ಷ ‘ದಿ ಈವಿಲ್ ಒನ್’ ಅನ್ನುವ ಹೆಸರಿನಲ್ಲಿ, ಹಾಡುಗಳು ಸ್ವಲ್ಪ ಆಚೀಚೆಯಾಗಿ, ಅಮೆರಿಕದಲ್ಲೂ ಬಂತು. ಗಿಟಾರ್ ಎಷ್ಟು ಬಿಗಿ, ಪಲ್ಲವಿ ಎಷ್ಟು ಚೊಕ್ಕ, ಕೇಳಿ ನೋಡಿ. ಮನಸ್ಸು ಕೆಟ್ಟವನು ಬಾಯಿಗೆ ಬಂದಂತೆ ಹಾಡಿದ್ದಲ್ಲ ಅದು.

ಕಾಯಿಲೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ತನ್ನ ಮೈಯಲ್ಲಿ ಮಂಗಳ ಗ್ರಹದ ಜೀವಿ ಸೇರಿಕೊಂಡಿದೆ ಅಂತ 1982ರಲ್ಲಿ ಅಫಿಡವಿಟ್ಟಿಗೇ ಸಹಿ ಹಾಕಿದ. ರೇಡಿಯೋ, ಟಿವಿ ಎಲ್ಲ ಒಟ್ಟಿಗೆ ಜೋರಾಗಿ ಹಾಕಿಟ್ಟುಕೊಂಡು ಬದುಕುತ್ತಿದ್ದ. ಹಳೆಯ ಹಾಡುಗಳ ದುಡ್ಡು ಕೈಗೆ ಬರುತ್ತಿರಲಿಲ್ಲ. 1990ರಲ್ಲಿ ಆರ್‌ಇಎಂ, ಜೀಸಸ್ ಅಂಡ್ ಮೇರಿ ಚೈನ್, ಝಡ್‌ಝಡ್ ಟಾಪ್ ಮುಂತಾದವರು ಅವನ ಹಾಡುಗಳನ್ನು ಹಾಡಿ ಒಂದು ಆಲ್ಬಮ್ ತಂದರು. ಇಷ್ಟು ಬೇರೆ ಬೇರೆ ಥರದ ತಂಡಗಳು ಅವನ ಬಗ್ಗೆ ಕನಿಕರ ಪಟ್ಟು ಬಂದವೇ? ಇಲ್ಲ. ಹಾಡುಗಳು ಯಾರ ಬಾಯಲ್ಲೂ ನಿಲ್ಲುವಂಥವು. ಸ್ವೀಡನ್ನಿನ ‘ಘೋಸ್ಟ್’ ತಂಡ 2013ರಲ್ಲಿ ಅವನ ದೆವ್ವದ ಹಾಡೊಂದನ್ನು ಎತ್ತಿಕೊಂಡಾಗ, ಅದು ಅವರೇ ಬರೆದದ್ದು ಅಂದುಕೊಂಡ ಹುಡುಗರೂ ಇದ್ದರು.

ಅವನನ್ನು ಎತ್ತಿ ನಿಲ್ಲಿಸಿದ್ದು ತಮ್ಮ ಸಮ್ನರ್. ಪಿಟ್ಸ್‌ಬರ್ಗ್ ಸಿಂಫನಿ ಅನ್ನುವ ಆರ್ಕೆಸ್ಟ್ರಾದಲ್ಲಿ ಟ್ಯೂಬಾ, ಅಂದರೆ ದೊಡ್ಡ ಹಿತ್ತಾಳೆ ಊದುವಾದ್ಯ, ನುಡಿಸುತ್ತಿದ್ದವನು. 2001ರಲ್ಲಿ ಅಣ್ಣನ ಜವಾಬ್ದಾರಿಯನ್ನು ಕೋರ್ಟಿನ ಮೂಲಕ ವಹಿಸಿಕೊಂಡ. ಔಷಧಿ ಕೊಡಿಸಿದ, ಹಲ್ಲು ಸರಿಮಾಡಿಸಿದ, ದುಡ್ಡುಕಾಸಿನ ವ್ಯವಹಾರ ನೇರ ಮಾಡಿಸಿದ. ಕೆಲವೇ ವರ್ಷಗಳಲ್ಲಿ ರಾಕಿ ಮತ್ತೆ ವೇದಿಕೆ ಹತ್ತಿದ. 2010ರಲ್ಲಿ ಒಕರ್‌ವಿಲ್ ರಿವರ್ ತಂಡದ ಜೊತೆ ಮಾಡಿದ ಆಲ್ಬಮ್ ಶುರುವಾಗುವುದು ರಸ್ಕ್‌ನ ದಿನಗಳ ಹಳೆಯ ಟೇಪಿನಿಂದ. 2015ರಲ್ಲಿ ಎಲಿವೇಟರ್ಸ್ ಕೂಡ ಆಸ್ಟಿನ್‌ನಲ್ಲಿ ಮತ್ತೆ ಒಟ್ಟಾಗಿ ನುಡಿಸಿದರು. ರಾಕಿ ತೀರಿಕೊಂಡದ್ದು 2019ರ ಮೇ 31ರಂದು.

ಯಾವುದರಿಂದ ಶುರು ಮಾಡೋದು ಅಂತ ಮುಂದಿನ ಸಾಲಿನ ಹುಡುಗರು ಆಗಲೇ ಕೇಳಿದರು. ಅವನ ಹೆಸರಿನಲ್ಲಿ ಕಳಪೆ ಲೈವ್ ರೆಕಾರ್ಡಿಂಗ್‌ಗಳು ಬೇಕಾದಷ್ಟಿವೆ. ಅವುಗಳ ತಂಟೆಗೆ ಹೋಗಬೇಡಿ. ‘ದಿ ಈವಿಲ್ ಒನ್’ 2013ರಲ್ಲಿ ಒಳ್ಳೆಯ ಮುದ್ರಣದಲ್ಲಿ ಮತ್ತೆ ಬಂದಿದೆ. ಅದನ್ನು ಮೊದಲು ಕೇಳಿ. ಆಮೇಲೆ ಹಿಂದಕ್ಕೆ, 1967ರ ‘ಈಸ್ಟರ್ ಎವ್ರಿವೇರ್’ಗೆ ಹೋಗಿ.