ಎತ್ತಿಕೊಂಡರೆ ಮಗು ಕೆಡುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎಳೆಗೂಸು ಇಟ್ಟುಕೊಂಡಿರುವ ತಾಯಂದಿರು, ಅಜ್ಜಿಯರು ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತಿದ್ದೇನೆ. "ಅತ್ತಾಗೆಲ್ಲ ಎತ್ತಬೇಡ, ಅಭ್ಯಾಸ ಆಗಿಬಿಡುತ್ತೆ" ಅನ್ನುವ ಮಾತು ನಿಮ್ಮ ಮನೆಯಲ್ಲೂ ಬಂದಿರುತ್ತದೆ. ದಯವಿಟ್ಟು ಆ ಮಾತು ಬಿಟ್ಟುಬಿಡಿ. ಕೂಸು ಅಳುವುದು ಜೀವ ಉಳಿಸಿಕೊಳ್ಳುವುದಕ್ಕೆ.

ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ಕೆಚ್ಚಲು ಹುಡುಕುತ್ತದೆ. ಮಂಗನ ಮರಿ ತಾಯಿಯ ಹೊಟ್ಟೆಗೆ ಜೋತುಬೀಳುತ್ತದೆ. ನಮ್ಮ ಕೂಸಿಗೆ ಎರಡೂ ಆಗದು. ಅದಕ್ಕಿರುವುದು ಅಳು ಒಂದೇ. ಕಾಡುಮೃಗಗಳ ನಡುವೆ ಬದುಕಿದ ನಮ್ಮ ಪೂರ್ವಜರಲ್ಲಿ, ಒಂಟಿ ಬಿಟ್ಟರೂ ಸುಮ್ಮನಿದ್ದ ಕೂಸು ಉಳಿಯಲಿಲ್ಲ, ಕೂಗಿ ಕರೆದದ್ದು ಉಳಿಯಿತು. ನಾವೆಲ್ಲ ಆ ಕೂಗಿದ ಕೂಸುಗಳ ಸಂತಾನ. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಜೀವಮಾನವಿಡೀ ಹೇಳಿದ್ದು ಇದನ್ನೇ.

"ಹಾಲು ಕೊಡುತ್ತಾಳೆ, ಅದಕ್ಕೇ ತಾಯಿ ಬೇಕು" ಅನ್ನುವವರಿಗೆ ನಾನು ಒಂದು ಕಥೆ ಹೇಳಲೇಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೊ ಎಂಬ ವಿಜ್ಞಾನಿ, 1950ರ ದಶಕದಲ್ಲಿ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕೋತಿಮರಿಗಳನ್ನು ತಾಯಿಯಿಂದ ಬೇರೆ ಮಾಡಿ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕುತ್ತಿದ್ದರು. ಮರಿಗಳು ಚೆನ್ನಾಗಿಯೇ ಮೈತುಂಬಿಕೊಂಡವು. ಆದರೆ ಪಂಜರದ ತಳಕ್ಕೆ ಹಾಸಿದ್ದ ಬಟ್ಟೆಯನ್ನು ತಬ್ಬಿ ಬಿಡುತ್ತಿರಲಿಲ್ಲ. ಒಗೆಯಲು ತೆಗೆದರೆ ರಂಪ ಮಾಡುತ್ತಿದ್ದವು. ಹಾರ್ಲೊ ಅವರಿಗೆ ಇದು ತಲೆ ಹೊಕ್ಕಿತು. ಎರಡು ಬೊಂಬೆ ತಾಯಿಗಳನ್ನು ಮಾಡಿಸಿದರು. ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಕೆಲವು ಮರಿಗಳಿಗೆ ಹಾಲಿನ ಬಾಟಲಿ ಇದ್ದದ್ದು ತಂತಿಯಮ್ಮನ ಬಳಿ ಮಾತ್ರ. ಅವು ಏನು ಮಾಡಿದವು ಗೊತ್ತೇ? ಹಸಿದಾಗ ತಂತಿಯಮ್ಮನ ಹತ್ತಿರ ಹೋಗಿ ಕುಡಿದು, ಕೂಡಲೇ ಬಟ್ಟೆಯಮ್ಮನ ಬಳಿಗೆ ಓಡಿ ಬಂದು ದಿನದ ಬಹುಪಾಲು ಅಲ್ಲೇ ಅಪ್ಪಿಕೊಂಡಿದ್ದವು. ಡೋಲು ಬಾರಿಸುವ ಆಟಿಕೆ ಕರಡಿಯನ್ನು ಪಂಜರದೆದುರು ಇಟ್ಟಾಗ ಹೆದರಿ ಬಟ್ಟೆಯಮ್ಮನಿಗೆ ಆತುಕೊಂಡವು. ತುಸು ಹೊತ್ತಿಗೆ ಭಯ ಇಳಿದು, ಕತ್ತು ತಿರುಗಿಸಿ ಅದೇ ಕರಡಿಯನ್ನು ಕುತೂಹಲದಿಂದ ನೋಡಿದವು! ಅಪ್ಪುಗೆ ಸಿಕ್ಕ ಮೇಲೇ ಧೈರ್ಯ ಬಂದದ್ದು, ಗಮನಿಸಿ. ಆ ಮರಿಗಳಿಗೆ ಆದದ್ದು ಕ್ರೌರ್ಯವೇ. ನಿಜವಾದ ತಾಯಿಯಿಲ್ಲದೆ ಬೆಳೆದ ಎಷ್ಟೋ ಮರಿಗಳು ಮುಂದೆ ತಮ್ಮ ಮರಿಗಳನ್ನೂ ಹತ್ತಿರ ಸೇರಿಸಲಿಲ್ಲ.

ಹಾಗಾಗಿ ಮತ್ತೆ ಹೇಳುತ್ತೇನೆ, ಎತ್ತಿಕೊಳ್ಳಿ. ಎತ್ತಿಕೊಳ್ಳುವವರು ತಾಯಿಯೇ ಆಗಬೇಕಿಲ್ಲ. ಅಪ್ಪ, ಅಜ್ಜಿ, ದಿನವೂ ನೋಡಿಕೊಳ್ಳುವ ಯಾರೇ ಆದರೂ ಕೂಸು ಅವರಿಗೆ ಅಂಟಿಕೊಳ್ಳುತ್ತದೆ.

ಸಮಯ ಮುಗಿಯುತ್ತಿದೆ, ಇನ್ನೊಂದೇ ವಿಷಯ. ಏಳೆಂಟು ತಿಂಗಳಲ್ಲಿ, ಅಂಬೆಗಾಲಿಡುವ ಹೊತ್ತಿಗೆ ಸರಿಯಾಗಿ, ಕೂಸು ಹೊಸಬರನ್ನು ಕಂಡರೆ ಅಳತೊಡಗುತ್ತದೆ. ದೂರ ಹೋಗುವ ಶಕ್ತಿ ಬಂದಾಗಲೇ ಭಯವೂ ಬರುತ್ತದೆ. ಅದು ಅದರ ಕಾವಲು. ಆಗ ಬಂದ ನೆಂಟರ ಕೈಗೆ ಬಲವಂತವಾಗಿ ಕೊಡಬೇಡಿ. ಅವರಿಗೆ ಬೇಸರವಾದರೆ ಒಂದು ಲೋಟ ಕಾಫಿ ಕೊಡಿ, ಕೂಸು ನಿಮ್ಮ ಕಂಕುಳಲ್ಲೇ ಇರಲಿ. ನಮಸ್ಕಾರ.