ಮೊದಲು ಬದಲಾಗಬೇಕಾದ್ದು ನಮ್ಮ ಬಿಲ್

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಡಿಜಿಟಲ್ ಪರಿವರ್ತನೆಗೆ ಬೇಕಾದ ಕ್ಲೌಡ್, ಆಟೋಮೇಶನ್, ಎಐ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳುವುದಿಲ್ಲ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಗ್ರಾಹಕರಿಗೆ ತಂತ್ರಜ್ಞಾನದ ಕೆಲಸ ಮಾಡಿಕೊಡುವ ಹತ್ತು ಇಪ್ಪತ್ತು ಜನರ ಕಂಪನಿ ನಡೆಸುವವರು. ಯಾವ ಟೂಲ್ ಒಳ್ಳೆಯದು ಅಂತ ನಿಮಗೆ ನಾನು ಹೇಳಿಕೊಡಬೇಕಾ?

ನನ್ನದು ಒಂದೇ ಕೋರಿಕೆ. ಕಳೆದ ತಿಂಗಳು ಗ್ರಾಹಕರಿಗೆ ಕಳಿಸಿದ ಬಿಲ್ ತೆಗೆದು ನೋಡಿ. ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು. ಐದು ವರ್ಷದ ಹಿಂದಿನ ಬಿಲ್‌ನಲ್ಲೂ ಇದೇ ಇದ್ದರೆ, ನಡುವೆ ಎಷ್ಟು ಸಾಫ್ಟ್‌ವೇರ್ ಕೊಂಡಿದ್ದರೂ ನಿಮ್ಮ ವ್ಯವಹಾರ ಬದಲಾಗಿಲ್ಲ. ಇನ್ನೊಂದು ಮಾತು. ಹೊಸ ಟೂಲ್ ತಂದು ಹತ್ತು ಗಂಟೆಯ ಕೆಲಸವನ್ನು ಆರು ಗಂಟೆಯಲ್ಲಿ ಮುಗಿಸಿದಿರಿ ಅಂತಿಟ್ಟುಕೊಳ್ಳಿ. ಗಂಟೆ ಲೆಕ್ಕದ ಬಿಲ್‌ನಲ್ಲಿ ನಾಲ್ಕು ಗಂಟೆಯ ದುಡ್ಡು ಹೋಯಿತು! ಚುರುಕಾದಷ್ಟೂ ಆದಾಯ ಕಡಿಮೆ. ಇಂಥ ಲೆಕ್ಕದಲ್ಲಿ ಯಾವ ಡಿಜಿಟಲ್ ಪರಿವರ್ತನೆ ತಾನೇ ಉಳಿಯುತ್ತದೆ?

ಇಮೇಲ್ ನ್ಯೂಸ್‌ಲೆಟರ್ ಕಳಿಸುವ ಸಾಧನ ಮೇಲ್‌ಚಿಂಪ್‌ನ ಕಥೆಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಕೇಳಿದವರು ಸ್ವಲ್ಪ ತಾಳಿಕೊಳ್ಳಿ. ಬೆನ್ ಚೆಸ್ಟ್‌ನಟ್ ಮತ್ತು ಡ್ಯಾನ್ ಕುರ್ಜಿಯಸ್ ನಡೆಸುತ್ತಿದ್ದದ್ದು ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಂಪನಿ. ನಮ್ಮ ಹಾಗೇ, ಅಲ್ವಾ? ಗ್ರಾಹಕರು ಇಮೇಲ್ ನ್ಯೂಸ್‌ಲೆಟರ್ ಮಾಡಿಕೊಡಿ ಅಂತ ಕೇಳುತ್ತಿದ್ದರು. ಪ್ರತಿ ಸಲ ಕೂತು ಮಾಡುವುದು ಬೇಸರದ ಕೆಲಸ. ಆಗ, ಹಿಂದೊಮ್ಮೆ ಶುರುಮಾಡಿ ಕೈಹಿಡಿಯದೆ ನಿಂತುಹೋಗಿದ್ದ ಒಂದು ಇ-ಗ್ರೀಟಿಂಗ್ ಪ್ರಾಜೆಕ್ಟಿನ ಕೋಡ್ ಹೊರತೆಗೆದು, ಗ್ರಾಹಕರೇ ತಮ್ಮ ಮೇಲ್ ತಾವೇ ಕಳಿಸಿಕೊಳ್ಳುವ ಹಾಗೆ ಒಂದು ಸಾಧನ ಮಾಡಿದರು. ಅದು ಶುರುವಾದದ್ದು 2001ರಲ್ಲಿ. ಹಾಗಂತ ಕೈಯಲ್ಲಿದ್ದ ವೆಬ್‌ಸೈಟ್ ಕೆಲಸವನ್ನು ಮರುದಿನವೇ ಬಿಟ್ಟರಾ? ಇಲ್ಲ. ಎರಡನ್ನೂ ವರ್ಷಗಟ್ಟಲೆ ಜೊತೆಗೆ ನಡೆಸಿ, 2007ರಲ್ಲಿ ಪೂರ್ತಿ ಮೇಲ್‌ಚಿಂಪ್ ಕಡೆ ತಿರುಗಿದರು. 2009ರಲ್ಲಿ ಉಚಿತ ಪ್ಲಾನ್ ತಂದರು. ಒಂದೇ ವರ್ಷದಲ್ಲಿ ಬಳಕೆದಾರರು ಸುಮಾರು 85,000ದಿಂದ 4,50,000ಕ್ಕೆ ಏರಿದರು. ಹೊರಗಿನ ಹೂಡಿಕೆದಾರರ ದುಡ್ಡು ಇಲ್ಲದೆ ಬೆಳೆದ ಈ ಕಂಪನಿಯನ್ನು 2021ರಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಇಂಟ್ಯೂಟ್ ಕಂಪನಿ ಸುಮಾರು 1,200 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿತು. ನನಗೆ ಆ ಕೋಟಿಗಳಿಗಿಂತ 2001ರಿಂದ 2007ರ ನಡುವಿನ ಕಾಲವೇ ಮುಖ್ಯ. ವೆಬ್‌ಸೈಟ್ ಕೆಲಸದ ಹಳೆಯ ಬಿಲ್ ಮನೆ ನಡೆಸುತ್ತಿತ್ತು, ಸಾಧನ ಬಳಸುವವರಿಗೆ ಹಾಕುವ ಹೊಸ ಬಿಲ್ ಸದ್ದಿಲ್ಲದೆ ಬೆಳೆಯುತ್ತಿತ್ತು.

ಯಾಕೆ ಇಷ್ಟು ನಿಧಾನ ಬೇಕು? ಒಂದೇ ಸಲ ನೂರು ಬರುತ್ತಿದ್ದ ಕಡೆ ತಿಂಗಳ ಚಂದಾ ನಾಲ್ಕು ಅಂತ ಮಾಡಿದರೆ, ಆ ನೂರು ಕೈಗೆ ಬರಲು ಎರಡು ವರ್ಷ ದಾಟುತ್ತದೆ. ಸಂಬಳ ಮಾತ್ರ ಈ ತಿಂಗಳೇ ಕೊಡಬೇಕು. ಫೋಟೋಶಾಪ್ ಮಾಡುವ ಅಡೋಬಿ 2013ರಲ್ಲಿ ಚಂದಾ ಪದ್ಧತಿಗೆ ಹೊರಳಿದಾಗ ಆ ವರ್ಷದ ಆದಾಯ ಸುಮಾರು 440 ಕೋಟಿ ಡಾಲರ್‌ನಿಂದ 406 ಕೋಟಿಗೆ ಇಳಿಯಿತು, ಲಾಭವಂತೂ ಅರ್ಧಕ್ಕಿಂತ ಕೆಳಗೆ ಬಂತು. ಅವರ ಹತ್ತಿರ ದುಡ್ಡಿತ್ತು, ತಡೆದುಕೊಂಡರು. ಹತ್ತು ಜನರ ಕಂಪನಿ ಅದನ್ನೇ ಒಂದೇ ಏಟಿಗೆ ಮಾಡಲು ಹೋದರೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕಾಗಬಹುದು. ಆದ್ದರಿಂದ ಪ್ರತಿ ಗ್ರಾಹಕರೂ ಮತ್ತೆ ಮತ್ತೆ ಕೇಳುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಅದಕ್ಕೆ ಮಾತ್ರ ಗಂಟೆ ಲೆಕ್ಕ ಬಿಟ್ಟು ತಿಂಗಳ ಚಂದಾದ ಹೊಸ ಬಿಲ್ ಬರೆಯಿರಿ. ಉಳಿದದ್ದು ಸದ್ಯ ಹಾಗೇ ಇರಲಿ.

ಸಮಯ ಮುಗಿಯಿತು ಅಂತ ಚೀಟಿ ಬಂತು. ಡೇಟಾ, ಪಾಲುದಾರಿಕೆ ಎರಡನ್ನೂ ಬಿಡುತ್ತೇನೆ. ಚಂದಾ ಬಿಟ್ಟುಹೋಗುವ ಗ್ರಾಹಕರ ಲೆಕ್ಕ ಮಾತ್ರ ಕೇಳಿ. ತಿಂಗಳಿಗೆ ನೂರಕ್ಕೆ ಮೂರು ಜನ ಹೋದರೆ ಸುಮ್ನೆ ಬಿಡುತ್ತೇವೆ. ವರ್ಷದ ಕೊನೆಗೆ ಉಳಿಯುವವರು 69 ಜನ! ಇನ್ನು ಎಐ. ಬೇರೆಯವರ ಎಐ ಮಾಡೆಲ್ ಬಳಸಿದರೆ ಸಾಮಾನ್ಯವಾಗಿ ನೀವು ಟೋಕನ್ ಲೆಕ್ಕದಲ್ಲಿ, ಅಂದರೆ ಅದು ಓದುವ ಬರೆಯುವ ಪಠ್ಯದ ಚೂರುಗಳ ಲೆಕ್ಕದಲ್ಲಿ ಕಟ್ಟುತ್ತೀರಿ, ಗ್ರಾಹಕರು ನಿಮಗೆ ತಿಂಗಳಿಗೆ ಒಂದೇ ಮೊತ್ತ ಕೊಡುತ್ತಾರೆ. ಆಗ ಎಲ್ಲರಿಗಿಂತ ಜಾಸ್ತಿ ಬಳಸುವ ಗ್ರಾಹಕರಿಂದಲೇ ನಷ್ಟ ಆಗಬಹುದು. ಬಳಕೆಗೆ ಮಿತಿ ಅಥವಾ ಬಳಕೆಗೆ ತಕ್ಕ ದರ, ಎರಡರಲ್ಲಿ ಒಂದನ್ನು ಮೊದಲ ಬಿಲ್‌ನಲ್ಲೇ ಬರೆದುಬಿಡಿ. ಪ್ರಶ್ನೆಗಳಿದ್ದರೆ ಈಗಲೇ ಕೇಳಿ.